ಕೋಸಿನ ಹೊಲದಲ್ಲಿ ಗಾಳಿ ನೋಡುವ ಪೆಂಟಮ್ಮ

ಬೆಳಗಿನ ಆರು ಗಂಟೆ. ತೆಲಂಗಾಣದ ಮಕ್ತಲ್ ಸಮೀಪದ ಎಲೆಕೋಸಿನ ಹೊಲದಲ್ಲಿ ಪೆಂಟಮ್ಮ ಬಗ್ಗಿ ಒಂದೊಂದೇ ಎಲೆ ಮಗುಚುತ್ತಿದ್ದಾರೆ. ಬೆರಳು ತಾಕಿದೊಡನೆ ಹಸಿರು ಮರಿಹುಳ ಒದ್ದಾಡಿ, ನೂಲು ಬಿಟ್ಟುಕೊಂಡು ಜೋತುಬೀಳುತ್ತದೆ. ‘ಇಪ್ಪತ್ತು ಗಿಡಕ್ಕ ನಲವತ್ತಾರು ಹುಳ ಆದವ್ರಿ.’

ಹೊಲದ ಮಾಲೀಕ ಮೊಗುಲಪ್ಪನವರಿಗೆ ಅಷ್ಟು ಸಾಕು. ‘ಹಂಗಾರ ಸಂಜಿಗೆ ಪುಡಿ ಹೊಡದುಬಿಡವ್ವ.’

‘ಗಾಳಿ ಹಿಪ್ಪುನೇರಳಿ ಕಡಿಗೆ ಐತಿ. ಇವತ್ತ ಒಲ್ಲೆ.’

‘ಹೊಲ ನಂದೋ ನಿಂದೋ?’

‘ನಿಮ್ದ ಐತಿ. ಗಾಳಿಗೆ ನೀವ ಹೇಳ್ರಿ ಪಟೇಲ್ರ, ತಿರುಗಿದ್ರ ಹೊಡಿತೀನಿ.’

ನೂರಿಪ್ಪತ್ತು ಹೆಜ್ಜೆಯಾಚೆ ಚನ್ನವೀರಮ್ಮನವರ ಹಿಪ್ಪುನೇರಳೆ ತೋಟ, ರೇಷ್ಮೆ ಹುಳದ ಮನೆ. ಆ ಹುಳಗಳು ಗೂಡು ಕಟ್ಟಲು ಇನ್ನು ನಾಲ್ಕೇ ದಿನ.

ಕೋಸು ಕೊರೆಯುವ ಹುಳದ ತಾಯಿ ಅಕ್ಕಿಕಾಳಿನಷ್ಟು ಉದ್ದದ ಬೂದು ಪತಂಗ. ರೆಕ್ಕೆ ಮಡಿಸಿದರೆ ಬೆನ್ನಿನ ಮೇಲೆ ವಜ್ರದಾಕಾರ ಕಾಣುತ್ತದೆ. ಅದನ್ನು ಹತ್ತಿಕ್ಕಲು ಪೆಂಟಮ್ಮ ಸಿಂಪಡಿಸುವುದು ಮಣ್ಣಿನಲ್ಲಿ ಬದುಕುವ ಒಂದು ಬ್ಯಾಕ್ಟೀರಿಯಾದ ಪುಡಿ. ಪತಂಗ ಕೋಸು, ಸಾಸಿವೆಯ ಬಳಗವನ್ನೇ ಹುಡುಕಿ ಮೊಟ್ಟೆಯಿಡುತ್ತದೆ. ಬ್ಯಾಕ್ಟೀರಿಯಾಕ್ಕೆ ಅಂಥ ಆಯ್ಕೆಯಿಲ್ಲ. ಅದು ಬಿದ್ದ ಎಲೆ ತಿಂದ ಹಲವು ಬಗೆಯ ಪತಂಗಗಳ ಮರಿಗಳು ಮೇವು ಬಿಟ್ಟು, ಎರಡು ಮೂರು ದಿನದಲ್ಲಿ ಸಾಯುತ್ತವೆ. ರೇಷ್ಮೆ ಹುಳವೂ ಪತಂಗದ ಮರಿಯೇ.

ಪೆಂಟಮ್ಮನವರಿಗೆ ನಲವತ್ತೆಂಟು ವರ್ಷ. ಸಿಂಪಡಿಸುವ ದಿನ ಹದಿನಾರು ಲೀಟರಿನ ಪಂಪು ಬೆನ್ನಿಗೇರಿಸಿ ಹನ್ನೆರಡು ಸಲ ಹೊಲ ಸುತ್ತುತ್ತಾರೆ. ಪುಡಿಯ ಪೊಟ್ಟಣದ ಮೇಲಿನ ಬರಹ ಅವರಿಗೆ ಓದಲು ಬಾರದು. ನಾರಾಯಣಪೇಟೆ ಜಿಲ್ಲೆಯಾದ ವರ್ಷ, 2019ರಲ್ಲಿ, ಅವರು ಚನ್ನವೀರಮ್ಮನವರ ತೋಟಕ್ಕೂ ಕೂಲಿಗೆ ಹೋಗುತ್ತಿದ್ದರು. ಒಂದು ದಿನ, ಹುಳಗಳಿಗೆ ಕೊಯ್ದ ಹಿಪ್ಪುನೇರಳೆ ಸೊಪ್ಪು ಬಾಡದಿರಲೆಂದು, ಹಿಂದಿನ ಸಂಜೆ ಪುಡಿ ಕಲಸಿದ್ದ ಕೊಡದಿಂದಲೇ ನೀರು ಚಿಮುಕಿಸಿದರು. ಮೂರನೇ ದಿನಕ್ಕೆ ನಲವತ್ತು ಸಾವಿರ ಹುಳ ಸತ್ತವು.

ಬಿಸಿಲಿಗೆ ಸತ್ತವು ಎಂದಿತು ಊರು. ಪೆಂಟಮ್ಮ ನಂಬಲಿಲ್ಲ. ‘ಕೋಸಿನಾಗ ಸತ್ತ ಹುಳದಂಗ ಮೆತ್ತಗ, ಕರ್ರಗ ಆಗಿದ್ದವ್ರಿ. ನನ್ನ ಕೊಡ ನೆನಪಾತು. ಹೋಗಿ ಹೇಳಿದೆ.’

‘ಬಾಯಿಗೆ ಬಂದಂಗ ಬೈದೆ,’ ಎನ್ನುತ್ತಾರೆ ಚನ್ನವೀರಮ್ಮ. ‘ಆಕಿ ಹೇಳದಿದ್ರ ಮತ್ತ ಅದ ಕೊಡದ ನೀರು ಹಾಕ್ತಿದ್ವಿ. ಈಗ ನಾನ ಒಳಗ ಕರದ್ರೂ ಬರಾಂಗಿಲ್ಲ, ಹಟಮಾರಿ.’

ಇತ್ತ ಹೊಲದಲ್ಲಿ, ಗಾಳಿ ತಿರುಗುವವರೆಗೆ ಕೋಸಿನ ಹುಳಗಳನ್ನು ಕೈಯಿಂದಲೇ ಹಿಸುಕುವುದಾಗಿ ಪೆಂಟಮ್ಮ ಒಪ್ಪಿದ್ದಾರೆ. ಮೊಗುಲಪ್ಪ ಗೊಣಗುತ್ತಲೇ ಹೊರಡುತ್ತಾರೆ.

ರೇಷ್ಮೆ ಹುಳ ಗೂಡು ಕಟ್ಟುವುದನ್ನು ಒಳಗೆ ನಿಂತು ನೋಡಬೇಕೆಂಬ ಆಸೆ ಪೆಂಟಮ್ಮನವರಿಗಿದೆ. ‘ಈ ಪುಡಿ ಮುಟ್ಟೋದು ಬಿಟ್ಟ ಮ್ಯಾಲೆ ಹೋಗ್ತೀನ್ರಿ. ಅಲ್ಲೀತನ ಹೊರಗ ನಿಂತು ಕೇಳ್ತೀನಿ. ಸೊಪ್ಪು ತಿನ್ನೋ ಸಪ್ಪಳ ಮಳಿ ಬಂದಂಗ ಇರ್ತೈತಿ. ಅದು ಕೇಳಿಸಿದ್ರ, ಹುಳ ಚಲೋ ಅದಾವ ಅಂತ ಮನಿಗೆ ಹೋಗ್ತೀನಿ.’