ಐದನೆಯ ಫಲಾನುಭವಿ

ತರಬೇತಿ ಎಂಬ ಮಾತು ಕಿವಿಗೆ ಬಿದ್ದರೆ ಸಣ್ಣತಾಯಮ್ಮನವರ ತುಟಿ ತಾನಾಗಿ ಕೊಂಕುತ್ತಿತ್ತು. ಬೆಳಿಗ್ಗೆ ಹತ್ತಕ್ಕೆ ನಲವತ್ತು ಮಂದಿ ಶಿಕ್ಷಕರನ್ನು ದುಂಡಗೆ ನಿಲ್ಲಿಸುವುದು. ಮೊಮ್ಮಕ್ಕಳನ್ನು ಕಂಡ ಮೇಷ್ಟರುಗಳಿಂದ ಆನೆಯ ನಡಿಗೆ ನಡೆಸುವುದು. ಹನ್ನೊಂದಕ್ಕೆ ಬೋಂಡ, ಒಂದಕ್ಕೆ ಊಟ. ಮೂರಕ್ಕೆ ‘ತುಂಬಾ ಉಪಯುಕ್ತವಾಗಿತ್ತು’ ಎಂದು ಎಲ್ಲರಿಂದಲೂ ಬರೆಸಿಕೊಂಡು ಬಸ್ಸಿಗೆ ಬಿಡುವುದು. ಎಲ್ಲ ಮಕ್ಕಳನ್ನೂ ಒಳಗೊಳ್ಳುವ ಶಿಕ್ಷಣದ ಬಗ್ಗೆ ಐದು ದಿನ ನಡೆದ ತರಬೇತಿಯನ್ನು ಮೂರನೆಯ ಮಹಡಿಯಲ್ಲಿ ಏರ್ಪಡಿಸಿದ್ದರು. ಪೋಲಿಯೊದಿಂದ ಕಾಲು ಸೋತಿದ್ದ ಶಿಕ್ಷಕಿಯೊಬ್ಬರು ಐದು ದಿನವೂ ಕೆಳಗಿನ ಜಗಲಿಯಲ್ಲಿ ಕುಳಿತು ಹಾಜರಿ ಹಾಕಿದರು. ಇದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ.

ಸಣ್ಣತಾಯಮ್ಮನವರು ಬದನವಾಳಿನ ಕಡೆಯವರು. ಹಗಲು ಖಾದಿಗೆ ನೂಲು ತೆಗೆದು, ಸಂಜೆ ಓದಿ, ಇಪ್ಪತ್ತನಾಲ್ಕನೆಯ ವಯಸ್ಸಿಗೆ ಎಸ್ಸೆಸ್ಸೆಲ್ಸಿ ದಾಟಿದವರು. ತೊಂಬತ್ತನಾಲ್ಕರಲ್ಲಿ ನಂಜನಗೂಡು ತಾಲ್ಲೂಕಿನ ಶಾಲೆಯೊಂದಕ್ಕೆ ಶಿಕ್ಷಕಿಯಾಗಿ ಹೋದಾಗ, ಕೇರಿಯಿಂದ ಬಂದವರೆಂದು ಸಹೋದ್ಯೋಗಿಗಳು ಅವರಿಗಾಗಿಯೇ ಒಂದು ಹೊಸ ಲೋಟ ತಂದಿಟ್ಟಿದ್ದರು. ಅವರು ಜಗಳವಾಡಲಿಲ್ಲ. ಆ ಲೋಟಕ್ಕೆ ಸೀಮೆಸುಣ್ಣ ತುಂಬಿ ಮೇಜಿನ ಮೇಲಿಟ್ಟು, ಎಲ್ಲರೂ ಕುಡಿಯುವ ಲೋಟದಲ್ಲೇ ನೀರು ಕುಡಿದರು. ಒಂಬತ್ತು ವರ್ಷ ಹಾಗೆಯೇ ಕುಡಿದರು.

ಎರಡು ಸಾವಿರದ ಮೂರರಲ್ಲಿ ಅವರನ್ನು ತಿ. ನರಸೀಪುರ ತಾಲ್ಲೂಕಿಗೆ, ಸೋಮನಾಥಪುರದ ಸುತ್ತಲಿನ ಹದಿನಾಲ್ಕು ಶಾಲೆಗಳಿಗೆ ಸಂಪನ್ಮೂಲ ವ್ಯಕ್ತಿಯಾಗಿ ನೇಮಿಸಿದರು. ಶಾಲೆಯಿಂದ ಶಾಲೆಗೆ ಹೋಗಿ, ಹೊಸ ಶಿಕ್ಷಕರ ಪಾಠ ನೋಡಿ, ತಿದ್ದಿ, ವರದಿ ಬರೆಯುವ ಕೆಲಸ. ಅಂಥ ಒಂದು ಶಾಲೆಯಲ್ಲಿದ್ದವರು ನಿಂಗರಾಜು ಮೇಷ್ಟ್ರು. ಆರನೆಯ ವಯಸ್ಸಿಗೇ ದೃಷ್ಟಿ ಕಳೆದುಕೊಂಡು, ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದಿ, ಅಂಗವಿಕಲರ ಮೀಸಲಾತಿಯಲ್ಲಿ ನೌಕರಿ ಪಡೆದವರು. ಅವರ ಎರಡು ವರ್ಷದ ಪ್ರೊಬೇಷನ್ ಮಾರ್ಚಿಗೆ ಮುಗಿಯುತ್ತಿತ್ತು. ಪಾಠ ಮಾಡಲು ಬರುತ್ತದೆ ಎಂದು ವರದಿಯಾದರೆ ಶಿಕ್ಷಕರಾಗಿ ಉಳಿಯುತ್ತಾರೆ. ಇಲ್ಲವಾದರೆ ತಾಲ್ಲೂಕು ಕಚೇರಿಯ ಮೂಲೆಯ ಕುರ್ಚಿಯೇ ಗತಿ.

ಮುಖ್ಯೋಪಾಧ್ಯಾಯ ಗಂಗಾಧರಸ್ವಾಮಿಯವರು ಆ ಕುರ್ಚಿಯನ್ನು ಆಗಲೇ ಗೊತ್ತು ಮಾಡಿದ್ದರು. ಮೇಷ್ಟರನ್ನು ಬಿಸಿಯೂಟದ ಅಕ್ಕಿಮೂಟೆಗಳ ಕೋಣೆಯಲ್ಲಿ ಕೂರಿಸಿ, ಎರಡನೆಯ ತರಗತಿಯನ್ನು ತಾವೇ ನೋಡಿಕೊಳ್ಳುತ್ತಿರುವುದಾಗಿ ಬರೆದುಕೊಂಡಿದ್ದರು.

“ಪಾಪ ಮೇಡಂ, ಕಣ್ಣಿಲ್ದೋರು. ನೋಟ್ಸು ತಿದ್ದಕ್ಕಾಯ್ತದಾ? ಆಪೀಸ್ಗೆ ಆಕ್ಸಿದ್ರೆ ಪೋನ್ ಎತ್ಕಂಡು ಆರಾಮಾಗಿರ್ತಾರೆ.”

“ನೀವು ಕಣ್ಣಿರೋರಲ್ವಾ. ನೀವು ತಿದ್ದಿರೋ ನೋಟ್ಸು ತನ್ನಿ, ನೋಡವ,” ಎಂದರು ಸಣ್ಣತಾಯಮ್ಮನವರು.

ದಸರಾದಿಂದೀಚೆಗೆ ಕೆಂಪು ಶಾಯಿ ಕಂಡ ಒಂದು ಪುಸ್ತಕವೂ ಸಿಗಲಿಲ್ಲ.

ಆದರೆ ಸಣ್ಣತಾಯಮ್ಮನವರೂ ಮೊದಲ ದಿನ ಮಾಡಿದ್ದು ಹೆಮ್ಮೆಪಡುವಂಥ ಕೆಲಸವಲ್ಲ. ಅಕ್ಕಿಮೂಟೆಯ ಪಕ್ಕ ಕುಳಿತು, ಚೀಲದಿಂದ ತರಬೇತಿಯ ಪುಸ್ತಕ ತೆಗೆದು, ದೃಷ್ಟಿದೋಷವಿರುವ ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸಬೇಕು ಎಂಬಲ್ಲಿಂದ ಆ ಮೇಷ್ಟರಿಗೇ ಓದಿ ಹೇಳತೊಡಗಿದರು. ಅವರು ಎರಡು ಪುಟ ತಾಳ್ಮೆಯಿಂದ ಕೇಳಿದರು.

“ಮುಂದ್ಲ ಬೆಂಚಲ್ಲಿ ಕೂತ್ರೆ ನಂಗೇನ್ ಕಂಡದು ಮೇಡಂ?”

ಸಣ್ಣತಾಯಮ್ಮನವರು ಪುಸ್ತಕ ಮುಚ್ಚಿದರು. ಹಾಗಾದರೆ ನಿಮ್ಮ ಪಾಠವನ್ನೇ ತೋರಿಸಿ ಎಂದರು.

ಹೊಸ ಕೊಠಡಿ ಕಟ್ಟಲೆಂದು ಅಂಗಳದಲ್ಲಿ ಹೊಳೆಮರಳಿನ ಗುಡ್ಡೆ ಹಾಕಿದ್ದರು. ಮೇಷ್ಟರು ಇಪ್ಪತ್ತೆಂಟು ಮಕ್ಕಳನ್ನೂ ಅಲ್ಲಿಗೆ ಕರೆದೊಯ್ದು, ಮರಳನ್ನು ತೆಳ್ಳಗೆ ಹರಡಿಸಿ, ನೀರು ಚಿಮುಕಿಸಿದರು. ಮಕ್ಕಳು ಬೆರಳಿನಿಂದ ಆಳವಾಗಿ ಪದಗಳನ್ನು ಬರೆದರು. ಮೇಷ್ಟರು ಮೊಣಕಾಲೂರಿ ಒಬ್ಬೊಬ್ಬರ ಪದವನ್ನೂ ಬೆರಳ ತುದಿಯಿಂದ ಸವರಿ ಓದಿದರು. ಯಾವ ಮಗು ಎಲ್ಲಿ ತಡವರಿಸಿತು, ಯಾರದನ್ನು ಯಾರು ನೋಡಿ ಬರೆದರು, ಎಲ್ಲವನ್ನೂ ಹೇಳಿದರು. ಕಿವಿ ಮಂದವಿದ್ದ ಕವನ ಎಂಬ ಹುಡುಗಿ ಎಲ್ಲರಿಗಿಂತ ಮೊದಲೇ ಮುಗಿಸಿ, ಅವರ ಕೈಯನ್ನು ತಾನೇ ಎಳೆದುಕೊಂಡು ತನ್ನ ಅಕ್ಷರದ ಮೇಲಿಟ್ಟಳು. ಸಣ್ಣತಾಯಮ್ಮನವರು ಮೂರು ದಿನ ಅಲ್ಲೇ ಕುಳಿತು ನೋಡಿದರು. ಅಷ್ಟು ವರ್ಷದ ಆನೆಯ ನಡಿಗೆಗಳಲ್ಲಿ ಕಾಣದ್ದನ್ನು ಅಲ್ಲಿ ಕಂಡರು.

ಗಂಗಾಧರಸ್ವಾಮಿಯವರ ಅಭಿಪ್ರಾಯ ಮಾತ್ರ ಬದಲಾಗಲಿಲ್ಲ. ಮಣ್ಣಲ್ಲಿ ಆಡಿಸುವುದು ಹಳೆಯ ಕಾಲದ ಕೂಲಿಮಠದ ಪದ್ಧತಿ, ಇಲಾಖೆಗೆ ಅವಮಾನ ಎಂದರು. ತಾಲ್ಲೂಕಿನ ಶಿಕ್ಷಣಾಧಿಕಾರಿಯೂ ಅದನ್ನೇ ನುಡಿದು, ಸಂಪನ್ಮೂಲ ವ್ಯಕ್ತಿಯ ವರದಿ ಮುಖ್ಯೋಪಾಧ್ಯಾಯರ ವರದಿಗೆ ಹೊಂದಿಕೊಳ್ಳಲಿ ಎಂದು ಫೋನಿನಲ್ಲಿ ತಿಳಿಸಿದರು.

ಅಷ್ಟರಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆ ವೈದ್ಯಕೀಯ ಶಿಬಿರ ಬಂತು. ಪ್ರತಿ ಶಾಲೆಯಿಂದ ಕನಿಷ್ಠ ಐದು ಹೆಸರು ಕಳುಹಿಸಬೇಕೆಂದು ಮೇಲಿನಿಂದ ಮೌಖಿಕವಾಗಿ ಗುರಿ ಕೊಟ್ಟಿದ್ದರು. ಶಿಬಿರದ ಮೇಜಿನ ಬಳಿ ಗುಮಾಸ್ತರು ಪಟ್ಟಿ ಹಿಡಿದು ಕೂಗಿದರು. ನಾಲ್ಕು ಮಕ್ಕಳು ಬಂದರು. ಐದನೆಯ ಹೆಸರು ನಿಂಗರಾಜು, ಎರಡನೆಯ ತರಗತಿ. ಮಕ್ಕಳ ಕೈ ಹಿಡಿದು ನಿಂತಿದ್ದ ಮೇಷ್ಟರೇ ಮುಂದೆ ಬಂದಾಗ ವೈದ್ಯರು ಮಗು ಎಲ್ಲಿ ಎಂದು ಕೇಳಿದರು. ಗಂಗಾಧರಸ್ವಾಮಿಯವರು ಛಾವಣಿ ನೋಡಿದರು. ಹುಡುಕಿದರೂ ನಾಲ್ಕೇ ಮಕ್ಕಳು ಸಿಕ್ಕಾಗ, ಲೆಕ್ಕ ಸರಿದೂಗಿಸಲು ಅವರು ತಮ್ಮ ಶಿಕ್ಷಕನನ್ನೇ ಫಲಾನುಭವಿಯಾಗಿ ಸೇರಿಸಿದ್ದರು. ತಾಲ್ಲೂಕಿನ ಅಧಿಕಾರಿ ಓದದೆ ಸಹಿ ಹಾಕಿ ಜಿಲ್ಲೆಗೆ ಕಳುಹಿಸಿದ್ದರು.

“ವಯಸ್ಸು ಎಷ್ಟು ಅಂತ ಬರ್ದವ್ರೆ ಮೇಡಂ?” ಎಂದು ಮೇಷ್ಟರು, ಪಟ್ಟಿ ನೋಡುತ್ತಿದ್ದ ಸಣ್ಣತಾಯಮ್ಮನವರನ್ನು ಮೆಲ್ಲಗೆ ಕೇಳಿದರು.

“ಒಂಬತ್ತು.”

“ಇಪ್ಪತ್ ವರ್ಸ ಉಳೀತು ಬುಡಿ.”

ಮೇಷ್ಟರು ನಕ್ಕರು. ಸಣ್ಣತಾಯಮ್ಮನವರು ನಗಲಿಲ್ಲ. ಆ ಸಂಜೆಯೇ ಮೂರು ದಿನದ ಪಾಠದ ವಿವರವನ್ನು ಆರು ಪುಟ ಬರೆದು, ಶಿಬಿರದ ಪಟ್ಟಿಯ ನಕಲನ್ನು ಲಗತ್ತಿಸಿ, ಕೊನೆಗೆ ಒಂದು ವಾಕ್ಯ ಸೇರಿಸಿದರು: ತಮ್ಮ ಶಿಕ್ಷಕರು ಯಾರು, ವಿದ್ಯಾರ್ಥಿಗಳು ಯಾರು ಎಂಬುದೇ ತಿಳಿಯದ ಮುಖ್ಯೋಪಾಧ್ಯಾಯರ ವರದಿಯನ್ನು ಪರಿಗಣಿಸಬಾರದಾಗಿ ಕೋರಿಕೆ.

ಅಧಿಕಾರಿ ಆರು ಪುಟಗಳನ್ನು ಮಗುಚಿಯೂ ನೋಡಲಿಲ್ಲ. ಲಗತ್ತನ್ನು ಮಾತ್ರ ನೋಡಿ ಬೆವೆತರು. ಅದು ಯಾಕೆ ಮೇಡಂ, ತೆಗೆದುಬಿಡಿ ಎಂದರು.

“ಪಟ್ಟಿ ನಿಮ್ದು, ಸೈನು ನಿಮ್ದು. ನಾನು ಜೆರಾಕ್ಸ್ ಮಾತ್ರ ಮಡಗಿವ್ನಿ. ಮೇಷ್ಟ್ರ ಆರ್ಡರ್ ಒರಡ್ಲಿ, ಆಮೇಲೆ ತಗದ್ಬುಡ್ತೀನಿ.”

ಹದಿನೈದು ದಿನದಲ್ಲಿ, ಮೇಷ್ಟರ ಪ್ರೊಬೇಷನ್ ತೃಪ್ತಿಕರವಾಗಿ ಮುಗಿಯಿತೆಂದು ಘೋಷಿಸಿದ ಆದೇಶ ಹೊರಟಿತು. ಅದನ್ನು ಕಣ್ಣಾರೆ ಕಂಡ ಮೇಲೆ ಸಣ್ಣತಾಯಮ್ಮನವರು ತಮ್ಮ ವರದಿಯಿಂದ ಲಗತ್ತನ್ನು ಕಿತ್ತುಕೊಂಡರು. ಯಾರೊಂದಿಗೂ ಚೌಕಾಸಿ ಮಾಡಿ ಗೊತ್ತಿರದ ಅವರಿಗೆ ಆ ಹಾಳೆಯನ್ನು ಚೀಲಕ್ಕೆ ಹಾಕಿಕೊಳ್ಳುವಾಗ ಕೈಗೆ ಕೆಸರು ಮೆತ್ತಿದಂತಾಯಿತು. ಏಪ್ರಿಲ್ಲಿನಲ್ಲಿ ಅವರ ಸಂಪನ್ಮೂಲ ಹುದ್ದೆಯ ಅವಧಿಯನ್ನು ಮುಂದುವರಿಸಲಿಲ್ಲ. ಬಿಳಿಗೆರೆ ಹೋಬಳಿಯ ಒಂದು ಶಾಲೆಗೆ ಮತ್ತೆ ಶಿಕ್ಷಕಿಯಾಗಿ ಹಾಕಿದರು. ಮುಂದಿನ ವರ್ಷದ ತರಬೇತಿಗೆ ಗಂಗಾಧರಸ್ವಾಮಿಯವರೇ ಮುಖ್ಯ ತರಬೇತುದಾರರಾದರು.

ಬಿಳಿಗೆರೆಗೆ ಹೊರಡುವ ಮುನ್ನ ಸಣ್ಣತಾಯಮ್ಮನವರು ಪ್ರೊಬೇಷನ್ನಿನ ಆದೇಶವನ್ನು ಮೇಷ್ಟರಿಗೆ ಓದಿ ಹೇಳಿದರು. ಅವರು ಕೈ ಚಾಚಿ ಹಾಳೆಯನ್ನು ಇಸಿದುಕೊಂಡರು.

“ನಂಗೆ ಪಾಠ ಬತ್ತದೆ ಅಂತ ಕೊಟ್ರಾ, ಅವ್ರಿಗೆ ಬಯ ಆಯ್ತು ಅಂತ ಕೊಟ್ರಾ?”

ಸುಳ್ಳು ಹೇಳಬಹುದಿತ್ತು. “ಬಯಕ್ಕೇ ಕೊಟ್ರು,” ಎಂದರು ಸಣ್ಣತಾಯಮ್ಮನವರು.

“ಓಗ್ಲಿ ಬುಡಿ. ಬತ್ತದೋ ಇಲ್ವೋ ಐಕ್ಳಿಗೆ ಗೊತ್ತು,” ಎಂದು ಮೇಷ್ಟರು ಆದೇಶವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ಒಳಗೆ ಎರಡನೆಯ ತರಗತಿಯ ಗದ್ದಲ ಏರಿತ್ತು. ಗೋಡೆಯನ್ನು ಸವರುತ್ತ ಅವರು ತರಗತಿಯೊಳಕ್ಕೆ ಹೋದರು.