ಹಲಸು ಬೇಯಿಸಿದ್ದಕ್ಕೆ ಕಂಪ್ಲೇಂಟು

ಕಳೆದ ವಾರ ನನ್ನ ಮೇಲೆ ಫಾರೆಸ್ಟಿನವರಿಗೆ ಕಂಪ್ಲೇಂಟ್ ಹೋಯಿತು.

ಕದ್ದು ಮರ ಕಡಿದೆನೇ? ಇಲ್ಲ. ಕಾಡುಹಂದಿ ಹೊಡೆದೆನೇ? ನನ್ನ ಮೊಣಕಾಲಿಗೆ ಅಷ್ಟು ತಾಕತ್ತಿಲ್ಲ. ನಾನು ಮಾಡಿದ ಅಪರಾಧ ಇಷ್ಟೇ. ನನ್ನ ಅಡುಗೆಮನೆಯಲ್ಲಿ, ನನ್ನ ಒಲೆಯ ಮೇಲೆ, ನನ್ನದೇ ಮರದ ಹಲಸಿನ ಹಣ್ಣು ಬೇಯಿಸುತ್ತಿದ್ದೆ.

ಜೀಪು ಬಂದು ಗೇಟಿನ ಮುಂದೆ ನಿಂತಿತು. ಗಾರ್ಡ್ ಒಬ್ಬರು ಇಳಿದು ಬಂದು ಬಹಳ ಮರ್ಯಾದೆಯಿಂದ ಕೇಳಿದರು, "ಮೇಡಂ, ಒಲೆ ಮೇಲೆ ಎಂತ ಉಂಟು?"

ಗಡಿಬಿಡಿಯಲ್ಲಿ ನಾನು ಸೌಟು ಹಿಡಿದುಕೊಂಡೇ ಹೊರಗೆ ಬಂದಿದ್ದೆ. ಅದರ ತುದಿಯಿಂದ ಹಲಸು, ಬೆಲ್ಲ ಎರಡೂ ಸೇರಿ ತೊಟ್ಟಿಕ್ಕುತ್ತಿತ್ತು. ಇನ್ನು ಸುಳ್ಳು ಹೇಳಿ ಏನು ಪ್ರಯೋಜನ? "ಬೆರಟಿ" ಅಂದೆ.

(ಗೊತ್ತಿಲ್ಲದವರಿಗೆ: ಹಲಸಿನ ಹಣ್ಣಿನ ಸೊಳೆಗೆ ಬೆಲ್ಲ, ತುಪ್ಪ ಹಾಕಿ, ತಳ ಬಿಡುವ ತನಕ ಮಗುಚುತ್ತಾ ಕೂತರೆ ಬೆರಟಿ. ಡಬ್ಬದಲ್ಲಿಟ್ಟರೆ ವರ್ಷವಿಡೀ ಪಾಯಸಕ್ಕಾಯಿತು, ದೋಸೆಗಾಯಿತು. ಪಕ್ಕದ ಮನೆಯ ಆಯಿಷಾ ತನ್ನ ಮಲಯಾಳದಲ್ಲಿ ಇದನ್ನು ಚಕ್ಕವರಟ್ಟಿ ಅನ್ನುತ್ತಾಳೆ. ಹೆಸರು ಬೇರೆ, ಕೈನೋವು ಒಂದೇ.)

'ಹಣ್ಣು ತಿಂದವನು ನುಣುಚಿಕೊಂಡ, ಸಿಪ್ಪೆ ತಿಂದವನು ಸಿಕ್ಕಿಕೊಂಡ' ಅನ್ನುತ್ತಾರಲ್ಲ, ನಾನು ಇನ್ನೂ ಎರಡನ್ನೂ ತಿಂದಿರಲಿಲ್ಲ. ಆಗಲೇ ಸಿಕ್ಕಿಬಿದ್ದಿದ್ದೆ.

ಬೇರೆ ಊರಿನವರಿಗೆ ಇದು ತಮಾಷೆ ಅನ್ನಿಸಬಹುದು. ಕಾಫಿ ತೋಟಗಳ ನಡುವಿನ ನಮ್ಮ ಚೆಟ್ಟಳ್ಳಿ, ಸಿದ್ದಾಪುರದ ಕಡೆ ಯಾರೂ ನಗುವುದಿಲ್ಲ. ನಮ್ಮಲ್ಲಿ ಹಲಸು ಹಣ್ಣಾದರೆ ಆನೆ ಬರುತ್ತದೆ. ಅದರ ಪರಿಮಳ ನಮಗೆ ಅಂಗಳದ ತನಕ ಬಂದರೆ ಆನೆಗೆ ಗುಡ್ಡದಾಚೆಗೂ ತಲುಪುತ್ತದೆ. ಅದಕ್ಕೇ ಬೇಸಿಗೆ ಮುಗಿಯುವ ಮೊದಲೇ ಎಸ್ಟೇಟುಗಳಲ್ಲಿ ಲೆಕ್ಕ ಬರೆಯುವ ರೈಟರು ಆಳು ಹತ್ತಿಸಿ ಮರದ ಕಾಯಿಯನ್ನೆಲ್ಲ ಇಳಿಸುತ್ತಾರೆ. ಇಳಿಸಿ ಏನು ಮಾಡುತ್ತಾರೆ? ಗುಂಡಿ ತೋಡಿ ಹೂಳುತ್ತಾರೆ. ಬೇರೆಯವರ ವಾಟ್ಸಾಪ್ ಗ್ರೂಪಿನಲ್ಲಿ ಬೆಳಗಾದರೆ ಗುಲಾಬಿ ಹೂವಿನ ಜೊತೆ ಗುಡ್ ಮಾರ್ನಿಂಗ್ ಬರುತ್ತದೆ. ನಮ್ಮ ಗ್ರೂಪಿನಲ್ಲಿ ಬರುವುದು 'ಒಂಟಿ ಸಲಗ ಕೆರೆ ಹತ್ತಿರ ಉಂಟು, ಕೆಲಸದವರನ್ನು ಕಳಿಸಬೇಡಿ.'

ಇಷ್ಟೆಲ್ಲ ಗೊತ್ತಿದ್ದೂ ನಾನು ಕಾಯಿ ಇಳಿಸಿರಲಿಲ್ಲ, ಮೊದಲು ಬಲಿತ ಒಂದನ್ನು ಮರದಲ್ಲೇ ಹಣ್ಣಾಗಲು ಬಿಟ್ಟಿದ್ದೆ. ನಮ್ಮದು ಚಂದ್ರ ಹಲಸು. ಸೊಳೆ ಕೇಸರಿ ಬಣ್ಣ. ವರ್ಷಕ್ಕೆ ಒಂದು ಡಬ್ಬ ಬೆರಟಿಗೂ ನನಗೆ ಹಕ್ಕಿಲ್ಲವೇ ಎಂದು ನನ್ನ ವಾದ.

ಕಂಪ್ಲೇಂಟ್ ಮಾಡಿದವರು ಯಾರು ಎಂದು ಹುಡುಕಬೇಕಾಗಿರಲಿಲ್ಲ. ಎದುರು ಮನೆಯ ಕಮಲ ತಾನಾಗಿಯೇ ರಸ್ತೆ ದಾಟಿ ಬಂದಳು.

"ನಾನೇ ಕಣಕ್ಕ ಫೋನ್ ಮಾಡಿದ್ದು. ಬೇಜಾರು ಮಾಡ್ಕೊಂಡ್ರೂ ಪರವಾಗಿಲ್ಲ. ನಿಮ್ಮ ಬಾಯಿಚಪಲಕ್ಕೆ ನಮ್ಮನೆ ಗೋಡೆ ಹೋಗ್ಬೇಕಾ?"

ಕಮಲ ಶನಿವಾರಸಂತೆ ಊರಿನ ಕಡೆಯವಳು. ಮಾತು ನೇರ. ಹೋದ ವರ್ಷ ಇದೇ ಮಳೆಗಾಲದ ಶುರುವಿನಲ್ಲಿ ಅವಳ ಅಡುಗೆಮನೆಯಲ್ಲಿ ತೂಗುಹಾಕಿದ್ದ ಬಾಳೆಗೊನೆಗೆ ಆನೆ ಗೋಡೆಯನ್ನೇ ದೂಡಿತ್ತು. ಒಳಗೆ ಅವಳ ಅತ್ತೆ ಮಲಗಿದ್ದರು. ಇಟ್ಟಿಗೆ ಬಿದ್ದದ್ದು ಮಂಚದ ಕಾಲಬುಡಕ್ಕೆ. ಒಂದು ಮೊಳ ಈಚೆಗೆ ಬಿದ್ದಿದ್ದರೆ? ಆ ಮಾತನ್ನು ನಮ್ಮ ಬೀದಿಯಲ್ಲಿ ಯಾರೂ ಪೂರ್ತಿ ಮಾಡುವುದಿಲ್ಲ.

ನನಗೆ ಮೊದಲು ಸಿಟ್ಟು ಬಂತು. ನನ್ನ ಒಲೆಗೂ ಪರ್ಮಿಷನ್ ಬೇಕೇ? ಗೋಡೆಯ ನೆನಪಾದ ಮೇಲೆ ನಾಚಿಕೆಯಾಯಿತು. ಸಿಟ್ಟು ಪೂರ್ತಿ ಇಳಿಯಿತು ಅಂತ ಮಾತ್ರ ಹೇಳಲಾರೆ.

ಗಾರ್ಡ್ ಒಳ್ಳೆಯವರು. ಹಣ್ಣನ್ನು ಮರದಲ್ಲಿ ಬಿಡಬೇಡಿ, ಸಿಪ್ಪೆ ಹೊರಗೆ ಬಿಸಾಡಬೇಡಿ, ಕಿಟಕಿ ಹಾಕಿಕೊಂಡು ಬೇಗ ಮುಗಿಸಿ ಅಂದರು. ಬಾಳೆ ಎಲೆಯಲ್ಲಿ ಸ್ವಲ್ಪ ಬೆರಟಿ ಕೊಟ್ಟೆ. ಜೀಪು ಹತ್ತುವ ಮೊದಲೇ ಎಲೆ ಖಾಲಿ.

ಆದರೆ ಬೀದಿಯವರು ಅಷ್ಟಕ್ಕೆ ಬಿಡಲಿಲ್ಲ. ಸಂಜೆ ಎಲ್ಲರೂ ನಮ್ಮ ಗೇಟಿನ ಹತ್ತಿರ ಸೇರಿದರು. ಮರ ಇದ್ದರೆ ತಾನೇ ಹಣ್ಣು? ಮರವನ್ನೇ ತೆಗೆಸಿದರೆ ಆಯಿತಲ್ಲ! ಕಮಲಳ ಗಂಡನಿಗೆ ಮರ ಕೊಯ್ಯುವ ಮೆಷಿನ್ನಿನವನ ಪರಿಚಯ ಇತ್ತು. ಸೋಮವಾರ ಬರುತ್ತಾನಂತೆ. ನಮ್ಮ ಮನೆಯವರು ಏನಾದರೂ ಹೇಳಿಯಾರು ಅಂತ ನೋಡಿದೆ. ಆ ಪುಣ್ಯಾತ್ಮ "ಕಡೀಲಿ ಬಿಡು, ತರಗೆಲೆ ಗುಡಿಸಿ ಸಾಕಾಗಿದೆ" ಅನ್ನಬೇಕೇ!

ನಾನು ಗೇಟಿನ ಮೇಲೆ ಕೈಯಿಟ್ಟು ಹೇಳಿದೆ. "ಭಾನುವಾರದ ತನಕ ಸಮಯ ಕೊಡಿ. ಅಷ್ಟರೊಳಗೆ ಮರದಲ್ಲಿ ಒಂದೇ ಒಂದು ಕಾಯಿ ಇರುವುದಿಲ್ಲ. ಗುಂಡಿಗೂ ಹಾಕುವುದಿಲ್ಲ. ಉಳಿದರೆ ಮೆಷಿನ್ನಿನವನಿಗೆ ನಾನೇ ಕಾಫಿ ಮಾಡಿಕೊಡ್ತೇನೆ."

"ಅಷ್ಟನ್ನೂ ನೀವೊಬ್ರೇ ತಿಂತೀರಾ ಅಕ್ಕ?" ಎಂದಳು ಕಮಲ.

"ಎಂತಕ್ಕೆ? ನಿಂಗೂ ತಿನ್ನಿಸ್ತೇನೆ."

ಜಂಬದ ಮಾತು. ಆದರೆ ಸುಮ್ಮನೆ ಆಡಿದ್ದಲ್ಲ. ಯೋಚಿಸಿ ನೋಡಿ, ಹಲಸು ಹಣ್ಣಾಗುವುದು ಯಾವಾಗ? ನಾವು ಅದನ್ನು ಕಾಯಿಯಲ್ಲಿ ತಿನ್ನದೆ ಬಿಟ್ಟಾಗ! ಹಿಂದಿನವರು ಎಳೆಗಾಯಿ, ಅಂದರೆ ಗುಜ್ಜೆ, ಬಂದ ದಿನದಿಂದಲೇ ಮರಕ್ಕೆ ಕೈ ಹಾಕುತ್ತಿದ್ದರು. ಗುಜ್ಜೆ ಪಲ್ಯ, ಗುಜ್ಜೆ ಸಾರು. ಬಲಿತರೆ ಹಪ್ಪಳ, ಉಪ್ಪು ಸೊಳೆ. ಒಳಗಿನ ಬೀಜಕ್ಕೆ, ಅಂದರೆ ಬೇಳೆಗೆ, ಕೆಮ್ಮಣ್ಣು ಬಳಿದು ಇಟ್ಟರೆ ಮಳೆಗಾಲವಿಡೀ ಸಾಂಬಾರಿಗೆ ಚಿಂತೆಯಿಲ್ಲ. ಇಷ್ಟು ಬಾಯಿಗಳನ್ನು ದಾಟಿ ಹಣ್ಣಾಗುವ ಭಾಗ್ಯ ಎಲ್ಲೋ ನಾಲ್ಕಕ್ಕೆ ಸಿಗುತ್ತಿತ್ತು.

ಈಗ? ಮೇಣ ಅಂಟುತ್ತದೆ ಅಂತ ನಾವು ಮರದ ಕಡೆ ಹೋಗುವುದಿಲ್ಲ. ಮೈಸೂರಿನ ಸೂಪರ್ ಮಾರ್ಕೆಟ್ಟಿನಲ್ಲಿ 'ರೆಡಿ ಟು ಕುಕ್' ಹಲಸಿನ ಪ್ಯಾಕೆಟ್ ಕಂಡರೆ "ಅಯ್ಯೋ, ಎಷ್ಟು ಹೆಲ್ದಿ!" ಎಂದು ಬುಟ್ಟಿಗೆ ಹಾಕಿಕೊಳ್ಳುತ್ತೇವೆ. ಮನೆಯ ಹಿಂದಿನ ಅದೇ ಕಾಯಿಗೆ ಗುಂಡಿ. ಆನೆಗೆ ಹಲಸು ಇಷ್ಟ ಅನ್ನುವುದು ಎಲ್ಲರಿಗೂ ಗೊತ್ತು. ನಮಗೆ ಇಷ್ಟವಿಲ್ಲದಂತೆ ಆಗಿದೆಯಲ್ಲ, ಅದರ ಬಗ್ಗೆ ಯಾರೂ ಮೀಟಿಂಗ್ ಮಾಡುವುದಿಲ್ಲ.

(ಆನೆಯ ಸಮಸ್ಯೆಗೆ ಹಪ್ಪಳವೇ ಪರಿಹಾರ ಎಂದು ನಾನು ಹೇಳಿದೆನೆಂದು ದಯವಿಟ್ಟು ಯಾರೂ ಪತ್ರ ಬರೆಯಬೇಡಿ. ಕಾಡಿನೊಳಗೆ ಅದಕ್ಕೆ ಏನು ಉಳಿದಿದೆ ಅನ್ನುವುದು ಬೇರೆಯೇ ಪ್ರಶ್ನೆ, ನನ್ನ ಬಾಣಲೆಗಿಂತ ದೊಡ್ಡದು.)

ಮಾರನೆಯ ದಿನ ಮರ ಹತ್ತುವವನನ್ನು ಕರೆಸಿ, ಹಗ್ಗ ಕಟ್ಟಿ ಕಾಯಿ ಇಳಿಸಿದೆವು. ಅಂಗಳ ತುಂಬಿತು. ನನ್ನ ಧೈರ್ಯ ಅರ್ಧ ಇಳಿಯಿತು. ಅಷ್ಟರಲ್ಲಿ ಆಯಿಷಾ ಕೈಗೆ ಹಚ್ಚಲು ಕೊಬ್ಬರಿ ಎಣ್ಣೆ, ಕೂರಲು ಮಣೆ ಎರಡನ್ನೂ ಹಿಡಿದು ಬಂದಳು. "ಚೇಚಿ, ಒಬ್ಬರೇ ಕೂತ್ರೆ ಓಣಂ ತನಕ ಮುಗಿಯಲ್ಲ" ಎಂದು ಸೆರಗು ಸಿಕ್ಕಿಸಿ ಕೂತೇಬಿಟ್ಟಳು.

ಕಮಲ ಅವತ್ತು ಬರಲಿಲ್ಲ. ಕಿಟಕಿಯಿಂದ ನೋಡುತ್ತಿದ್ದಳು. ನನಗೂ ಕಾಣಿಸುತ್ತಿತ್ತು. ನಾನೂ ಕರೆಯಲಿಲ್ಲ. (ನನಗೂ ಸ್ವಲ್ಪ ಜಂಬ ಇದೆಯಲ್ಲ.)

ಮರುದಿನ ಬೆಳಿಗ್ಗೆ ತಿಂಡಿ ಪಾತ್ರೆ ತೊಳೆದು ಹೊರಗೆ ಬಂದರೆ, ಕಮಲ ತನ್ನದೇ ಕತ್ತಿ ಹಿಡಿದು ನಮ್ಮ ಜಗಲಿಯಲ್ಲಿ ಕೂತಿದ್ದಾಳೆ! ಒಂದು ಕಾಯಿ ಆಗಲೇ ಎರಡು ಹೋಳು. ನಾನೂ ಎದುರು ಕೂತೆ. ಸೊಳೆ ಬಿಡಿಸತೊಡಗಿದೆ.

"ಮರದ ಮೇಲೆ ನಂಗೇನು ಹಗೆನಾ ಅಕ್ಕ?" ಅಂದಳು ತಲೆಯೆತ್ತದೆ. "ಗೋಡೆ ಏನೋ ಕಟ್ಟಿಸಿದ್ವಿ. ಆದ್ರೂ ಸಂಜೆ ಆದ್ಮೇಲೆ ನಾಯಿ ಬೊಗಳಿದ್ರೆ ಸಾಕು, ಗೋಡೆ ನೋಡ್ತೀನಿ. ಅತ್ತೆಗೆ ಏನೂ ಇಲ್ಲ, ಗೊರಕೆ ಹೊಡೀತಾರೆ. ಎಚ್ಚರ ಇರೋದು ನಾನು."

  ಒಂದು ಡಬ್ಬ ಬೆರಟಿಯ ಆಸೆಗೆ ಇವಳಿಗೆ ನಿದ್ದೆ ಇಲ್ಲದಂತೆ ಮಾಡಿದೆನಲ್ಲ ಎಂದು ಬೇಸರವಾಯಿತು. "ತಪ್ಪಾಯ್ತು ಕಮಲ" ಅಂದೆ. ಅವಳು "ಆಯ್ತು, ಮೇಣ ಒರೆಸ್ಕೊಳ್ಳಿ, ಸೀರೆಗೆ ಅಂಟುತ್ತೆ" ಅಂದಳು.

ಆಮೇಲೆ ಎಲ್ಲವೂ ಸುಸೂತ್ರ ಅಂದುಕೊಂಡಿರಾ? ಮೂವರು ಹೆಂಗಸರು, ಒಂದು ಹಿಟ್ಟು! ಬೇಯಿಸಿದ ಸೊಳೆಯನ್ನು ರುಬ್ಬಿ ಹಪ್ಪಳಕ್ಕೆ ಖಾರ ಹಾಕುವಾಗ ಜಗಳ ಹತ್ತಿತು. ನನಗೆ ಒಣಮೆಣಸು ಬೇಕು. ಕಮಲಳಿಗೆ ಹಸಿಮೆಣಸು. ಸೂಜಿಮೆಣಸು ಇಲ್ಲದ್ದು ಹಪ್ಪಳವೇ ಅಲ್ಲ ಎಂದು ಆಯಿಷಾ. ಕೊನೆಗೆ ಹಿಟ್ಟನ್ನು ಮೂರು ಪಾಲು ಮಾಡಿದೆವು. (ಚೆನ್ನಾಗಿ ಆದದ್ದು ಯಾವುದು ಅಂತ ಕೇಳಬೇಡಿ. ನಾನು ಇದೇ ಬೀದಿಯಲ್ಲಿ ಬಾಳಬೇಕು.)

ಕಾಫಿ ಒಣಗಿಸುವ ಕಣ ಈ ತಿಂಗಳಲ್ಲಿ ಖಾಲಿ. ಎಸ್ಟೇಟಿನವರನ್ನು ಕೇಳಿ ಅಲ್ಲೇ ಚಾಪೆ ಹಾಸಿ ಹಪ್ಪಳ ಒಣಗಿಸಿದೆವು. ಒಂದು ಬಿಸಿಲು ಸಿಕ್ಕಿತು. ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಗುಡ್ಡದ ಕಡೆಯಿಂದ ಕಪ್ಪಾಗಿ ಬಂತು ನೋಡಿ ಮಳೆ! "ಹಪ್ಪಳ!" ಎಂದು ಕಮಲ ಕೂಗಿದ್ದು ಇಡೀ ಬೀದಿಗೆ ಕೇಳಿಸಿತು. ಗೇಟಿನ ಹತ್ತಿರ ನಿಂತು ಮರ ಕಡಿಯಿರಿ ಅಂದಿದ್ದ ಗಂಡಸರೇ ಲುಂಗಿ ಎತ್ತಿ ಕಟ್ಟಿಕೊಂಡು ಓಡಿದರು, ಚಾಪೆಯ ನಾಲ್ಕು ಮೂಲೆ ಹಿಡಿದುಕೊಂಡು ಬಂದರು. ಒಣಗದ ಹಪ್ಪಳವೆಲ್ಲ ಮೂರು ಮನೆಯ ಮಂಚಗಳ ಮೇಲೆ ಫ್ಯಾನಿನ ಕೆಳಗೆ ಮಲಗಿತು. ನಮ್ಮ ಮನೆಯವರು ಸೋಫಾದಲ್ಲಿ ಮಲಗಿದರು. ಮರ ಕಡೀಲಿ ಅಂದವರಿಗೆ ಅಷ್ಟಾದರೂ ಬೇಡವೇ?

ಉಳಿದ ಸೊಳೆಯನ್ನು ಉಪ್ಪು ಬೆರೆಸಿ ನೀಲಿ ಡ್ರಮ್ಮಿಗೆ ಒತ್ತಿ ತುಂಬಿದೆವು. ಎಲ್ಲಿಡುವುದು ಎಂಬುದಕ್ಕೆ ಇನ್ನೊಂದು ಚರ್ಚೆ. ಹಿಂದಿನ ಜಗಲಿ ಅಂದೆ. ಕಮಲ ಹೌಹಾರಿದಳು. ಆನೆಗೆ ಹಲಸಿನಷ್ಟೇ ಉಪ್ಪೂ ಪ್ರಾಣ, ಎರಡನ್ನೂ ಒಟ್ಟಿಗೆ ಕಲಸಿ ಬಾಗಿಲಲ್ಲಿ ಇಡ್ತೀರಲ್ಲ ಅಕ್ಕ, ಎಲೆ ಹಾಕಿ ನೀರೂ ಇಟ್ಟುಬಿಡಿ ಅಂದಳು. ಸರಿಯಾದ ಮಾತೇ. ಡ್ರಮ್ಮು ಈಗ ನಮ್ಮ ಹಾಲಿನಲ್ಲಿ ಟೀವಿಯ ಪಕ್ಕ ಕೂತಿದೆ. ಬಂದವರು ಇನ್ವರ್ಟರಾ ಎಂದು ಕೇಳುತ್ತಾರೆ.

ಶನಿವಾರ ಬೆಳಿಗ್ಗೆ ಗ್ರೂಪಿನಲ್ಲಿ ಮೆಸೇಜು ಬಂತು. ಸಲಗ ಕೆಳಗಿನ ತೋಟದ ಮೂಲಕ ಹೋಗಿದೆ. ಹೋಗಿ ನೋಡಿದೆವು. ಕಾಫಿ ಗಿಡಗಳ ನಡುವೆ ಹೆಜ್ಜೆ, ಒಂದೊಂದರಲ್ಲೂ ಮಳೆನೀರು. ನಮ್ಮ ಬೀದಿಯ ತಿರುವಿನ ತನಕ ಬಂದು ಆ ಕಡೆ ತಿರುಗಿತ್ತು. ಮರ ಖಾಲಿ ಇದ್ದದ್ದಕ್ಕೇ ತಿರುಗಿತು ಅಂತ ನಾನು ಎದೆ ತಟ್ಟಿ ಹೇಳಲಾರೆ. ಅದರ ಮನಸ್ಸಿನಲ್ಲಿ ಏನಿತ್ತೋ. ಕಮಲ ಆ ಹೆಜ್ಜೆಗಳನ್ನೇ ಬಹಳ ಹೊತ್ತು ನೋಡಿದಳು. ಅವತ್ತು ಹಗಲು ಅವಳು ಚೆನ್ನಾಗಿ ನಿದ್ದೆ ಮಾಡಿದಳಂತೆ, ಅವಳ ಅತ್ತೆಯೇ ಹೇಳಿದರು.

ಭಾನುವಾರ ಮೂರೂ ಮನೆಯಲ್ಲಿ ಹಲಸಿನ ಬೇಳೆ ಸಾರು. ಎಲ್ಲ ಮುಗಿಯಿತು ಅಂದುಕೊಂಡೆವು. ಈ ಗಲಾಟೆಯಲ್ಲಿ ಒಂದು ಕೆಲಸ ಮರೆತುಹೋಗಿತ್ತು. ಮೆಷಿನ್ನಿನವನಿಗೆ ಬರಬೇಡ ಅಂತ ಯಾರೂ ಹೇಳಿರಲಿಲ್ಲ.

ಸೋಮವಾರ ಬೆಳಿಗ್ಗೆ ಅವನು ಬಂದೇ ಬಂದ. ಪಿಕಪ್ಪಿನಲ್ಲಿ ಮೆಷಿನ್ನು, ಹಗ್ಗ, ಇಬ್ಬರು ಆಳು. ನಾನು ಹಿತ್ತಲಲ್ಲಿದ್ದೆ. ಸದ್ದು ಕೇಳಿ ಓಡಿ ಬರುವಷ್ಟರಲ್ಲಿ ಕಮಲ ನಮ್ಮ ಗೇಟಿಗೆ ಅಡ್ಡ ನಿಂತಿದ್ದಳು.

"ಹಲಸಿನ ಹಣ್ಣಿನ ಮರ ಕಡೀಬೇಕು ಅಂದ್ರಲ್ಲಕ್ಕ, ಯಾವುದದು?" ಎಂದು ಕೇಳಿದ ಅವನು.

"ಹಣ್ಣಿನ ಮರನಾ?" ಕಮಲ ಬೀದಿಯ ಆ ತುದಿಯಿಂದ ಈ ತುದಿಗೆ ನಿಧಾನಕ್ಕೆ ಕಣ್ಣಾಡಿಸಿದಳು. "ನಮ್ ಬೀದೀಲಿ ಹಣ್ಣಿನ ಮರ ಯಾವ್ದೂ ಇಲ್ವಲ್ಲಪ್ಪ."

ಅವನು ಅವಳ ತಲೆಯ ಮೇಲಿಂದ, ನಮ್ಮ ಮನೆಯ ಮಾಡಿಗಿಂತ ಎತ್ತರಕ್ಕೆ ನಿಂತ ಮರವನ್ನು ನೋಡಿದ. "ಮತ್ತೆ ಅದೇನು?"

"ಅದಾ? ಅದು ನಮ್ಮ ತರಕಾರಿ ಗಿಡ."

ತರಕಾರಿ ಗಿಡಕ್ಕೆ ಯಾರಾದರೂ ಮೆಷಿನ್ ಇಡುತ್ತಾರೆಯೇ, ನೀವೇ ಹೇಳಿ?