ಭಟ್ಟಿಯೊಳಗಿನ ತೋಳ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಯಲಬುರ್ಗಾದ ಹೊರವಲಯದ ತಗಡಿನ ಶೆಡ್ಡಿನಲ್ಲಿ ಕಾಸೀಮಬೀ ಭಟ್ಟಿಯ ಬಾಗಿಲಿಗೆ ಅಂಗೈ ಒಡ್ಡುತ್ತಾರೆ, ಅಂಗಳಕ್ಕೆ ಹೋಗುತ್ತಾರೆ, ಬಂದು ಮತ್ತೆ ಅಂಗೈ ಒಡ್ಡುತ್ತಾರೆ. ಬಾಗಿಲಿಗೆ ಒಟ್ಟಿದ ಇಟ್ಟಿಗೆ ಇನ್ನೂ ಬಿಸಿ. ಒಳಗೆ ಮೊಳದೆತ್ತರದ ಪಿಂಗಾಣಿ ತೋಳವಿದೆ. ಹಿಂದಿನ ಎರಡು ತೋಳಗಳು ಇದೇ ಭಟ್ಟಿಯಲ್ಲಿ ಒಡೆದಿವೆ.

“ಎರಡನೇದನ್ನ ನಾನ ಕೊಂದೀನ್ರಿ. ತಡಕೊಳ್ಳಾಕ ಆಗ್ಲಿಲ್ಲ, ಬಿಸಿ ಇದ್ದಾಗನ ಬಾಗಲಾ ತೆಗದೆ. ತಣ್ಣನ ಗಾಳಿ ಬಡೀತು, ಕುತ್ತಿಗಿಂದ ಹೊಟ್ಟಿತನಕ ಸೀಳಿಬಿಡ್ತು.”

ಐವತ್ನಾಲ್ಕರ ಕಾಸೀಮಬೀ ಹದಿನಾಲ್ಕು ವರ್ಷ ಕೈ ತೊಳೆಯುವ ಬೇಸಿನ್ ತಯಾರಿಸುವ ಕಾರ್ಖಾನೆಯಲ್ಲಿ ದುಡಿದವರು. ಹಸಿ ಬೇಸಿನ್ನಿನ ಅಂಚನ್ನು ಒದ್ದೆ ಸ್ಪಂಜಿನಿಂದ ಸವರಿ ನಯ ಮಾಡುವುದು ಅವರ ಕೆಲಸ, ದಿನಕ್ಕೆ ನೂರಿಪ್ಪತ್ತು. ಊಟದ ಹೊತ್ತಿನಲ್ಲಿ ಉಳಿದ ಮಣ್ಣಿನಿಂದ ಓತಿಕ್ಯಾತ, ಎಮ್ಮೆಕರು ಮಾಡಿಡುತ್ತಿದ್ದರು. ಮೇಸ್ತ್ರಿ ಕಂಡರೆ ಹಿಸುಕಿ ಎಸೆಯುತ್ತಿದ್ದ. ಕಾರ್ಖಾನೆ ಮುಚ್ಚಿದ ಮೇಲೆ ಗೌಂಡಿ ಕೆಲಸದ ಪತಿ ಬಡೇಸಾಬ ಹಳೆಯ ಇಟ್ಟಿಗೆ ತಂದು ಈ ಭಟ್ಟಿ ಕಟ್ಟಿಕೊಟ್ಟರು.

ಗೋಡೆಯ ಹಲಗೆಯ ಮೇಲೆ ಈಗ ವಾಲಿ-ಸುಗ್ರೀವರು ಕುಸ್ತಿಗೆ ಬಿದ್ದಿದ್ದಾರೆ. ಪಕ್ಕದಲ್ಲಿ ಕಪ್ಪು ಕನ್ನಡಕದ ಕರಡಿಯೊಂದು ಸಿನಿಮಾ ಹೀರೋನಂತೆ ಕಾಲ ಮೇಲೆ ಕಾಲು ಹಾಕಿದೆ. ಹುಲಿಗಿಯ ದೇವಿ ಗುಡಿಗೆ ಬರುವ ಭಕ್ತರು ಇವನ್ನು ಕೊಂಡೊಯ್ಯುತ್ತಾರೆ. ಒಣಗಲು ಹನ್ನೆರಡು ದಿನ, ಬೆಂಕಿ ಹದಿನಾಲ್ಕು ತಾಸು, ಆರಲು ಎರಡು ದಿನ. ಹತ್ತು ಇಟ್ಟರೆ ಆರು ನೆಟ್ಟಗೆ ಬರುತ್ತವೆ. ಆರುವ ಎರಡು ದಿನ ಕಾಸೀಮಬೀಗೆ ಊಟ ಸೇರದು.

ಮೊದಲ ತೋಳ ಇನ್ನೂ ಹಸಿ ಮಣ್ಣಾಗಿದ್ದಾಗ ಪಕ್ಕದ ಓಣಿಯ ಕುರಿಗಾಹಿ ಮಾರೆಪ್ಪ ಜಗಳಕ್ಕೇ ಬಂದಿದ್ದರು. ಹಿಂದಿನ ವಾರವಷ್ಟೇ ಅವರ ಎರಡು ಮರಿಗಳನ್ನು ತೋಳ ಹೊತ್ತೊಯ್ದಿತ್ತು.

“ನನ್ನ ಮರಿ ತಿಂದದ್ದನ್ನ ಚಂದ ಮಾಡಿ ಮಾರ್ತೀಯೇನವಾ?”

“ನೀ ಕಣ್ಣಾರೆ ನೋಡೀಯಲ್ಲ ಮಾರೆಪ್ಪಣ್ಣ. ಹೆಂಗಿತ್ತು, ಹೇಳು” ಎಂದರು ಕಾಸೀಮಬೀ.

ಮಾರೆಪ್ಪ ಮಣ್ಣಿನ ತೋಳವನ್ನು ಒಂದು ಸುತ್ತು ಹಾಕಿದರು. “ಇದು ನಾಯಿ ಆಗೈತಿ. ತೋಳದ ಕಾಲು ಉದ್ದ, ಎದಿ ಸಣ್ಣದು. ತಲಿ ಹೆಗಲಿಗಿಂತ ಕೆಳಗ ಇರ್ತೈತಿ. ಹಸದದ್ದು ಅದು, ಹಸದದ್ದು.”

ಕಾಸೀಮಬೀ ಅವರೆದುರೇ ಅದನ್ನು ಮುದ್ದೆ ಮಾಡಿ ಹೊಸದಾಗಿ ಶುರು ಮಾಡಿದರು. ಆಮೇಲೆ ಭಟ್ಟಿಗಿಟ್ಟವುಗಳಲ್ಲಿ ಒಡೆದವು ಎರಡು. ಒಳಗಿರುವುದು ಮೂರನೆಯದು.

ಒಂಬತ್ತರ ಹೊತ್ತಿಗೆ ಬಾಗಿಲು ತಣ್ಣಗಾಗುತ್ತದೆ. ಕಾಸೀಮಬೀ ಇಟ್ಟಿಗೆಗಳನ್ನು ಒಂದೊಂದಾಗಿ ಕೀಳುತ್ತಾರೆ. ಕುರಿ ಹೊಡೆದುಕೊಂಡು ಹೊರಟಿದ್ದ ಮಾರೆಪ್ಪ ಶೆಡ್ಡಿನ ಮುಂದೆ ನಿಲ್ಲುತ್ತಾರೆ. ಬೂದಿಗಂದು ಬಣ್ಣದ ತೋಳ ಹೊರಬರುತ್ತದೆ. ಒಂದು ಕಿವಿಯ ತುದಿಯಲ್ಲಿ ಬಣ್ಣ ಗುಳ್ಳೆ ಎದ್ದಿದೆ, ಅಷ್ಟೇ. ಕಾಸೀಮಬೀ ಬೆರಳ ಗೆಣ್ಣಿನಿಂದ ಬೆನ್ನು ತಟ್ಟಿ ಕಿವಿಗೊಡುತ್ತಾರೆ. ಗಂಟೆಯ ದನಿ. ಎಲ್ಲೂ ಬಿರುಕಿಲ್ಲ.

ಮಾರೆಪ್ಪ ಮುಟ್ಟುವುದಿಲ್ಲ. ಬಗ್ಗಿ ಅದರ ತಲೆ, ಹೆಗಲು ನೋಡಿ, “ಆವತ್ತು ಹಿಂಗ ನಿಂತಿತ್ತವಾ” ಎಂದು ಕುರಿಗಳ ಹಿಂದೆ ನಡೆಯುತ್ತಾರೆ.

ಈಗಲಾದರೂ ಕೂತು ಚಹಾ ಕುಡಿಯಬಹುದಲ್ಲ ಎಂದರೆ ಕಾಸೀಮಬೀ ಆಗಲೇ ಮಣ್ಣು ನಾದತೊಡಗಿದ್ದಾರೆ.

“ಕೂಡಾಕ ಆಗೂದಿಲ್ರಿ. ಇದು ನಿಂತದ್ದಾತು. ನನಗ ಓಡೋ ತೋಳ ಮಾಡಬೇಕಾಗೈತಿ. ನಾಕೂ ಕಾಲು ನೆಲಕ್ಕ ತಾಗಬಾರದು. ಹೆಂಗ ಅಂತ ಇನ್ನೂ ಗೊತ್ತಿಲ್ಲ ನೋಡ್ರಿ.”